ಜಳಕ ಆತೇನವಾ?

ಕನ್ನಡ ಕಲಿಯಲೆಂದು ಪರದೇಶದ ವಿದ್ಯಾರ್ಥಿನಿಯೊಬ್ಬಳು ಧಾರವಾಡದ ಮನೆಯೊಂದರಲ್ಲಿ ಉಳಿಯಲು ಬರುತ್ತಾಳೆನ್ನಿ. ತಂದೆ ಮೊದಲ ದಿನವೇ ಮಗನಿಗೆ ಹೇಳುವುದು: "ಆಕಿ ಜೋಡಿ ಇಂಗ್ಲೀಷ್ ಮಾತಾಡಪಾ, ರೂಢಿ ಆಗ್ತದ." ಮಗನ ಇಂಗ್ಲಿಷ್ ಸುಧಾರಿಸೀತು. ಆದರೆ ಅತಿಥಿ ಬಂದ ಕೆಲಸ ಕೆಟ್ಟಿತು!

ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಈ ಸೀಮೆಗೆ ಬಂದಾಗ 21ರ ತರುಣ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅವರ ಕಲಿಕೆ ಬಹುಮಟ್ಟಿಗೆ ಜನರ ನಡುವೆಯೇ ಸಾಗಿತು. ಇಂಗ್ಲಿಷಿನಲ್ಲಿ ಮಾತಾಡಿ ಅವರಿಗೆ ಉಪಕಾರ ಮಾಡುವವರು ಅಂದು ಹೆಚ್ಚು ಮಂದಿ ಇದ್ದಿರಲಾರರು.

"ಸ್ನಾನವಾಯಿತೇ?" ಎಂದು ಪುಸ್ತಕದಲ್ಲಿ ಓದಿ ಬಂದವಳು "ಜಳಕ ಆತೇನವಾ?" ಎಂದರೆ ಕಣ್ಣು ಬಿಡುತ್ತಾಳೆ. ಹಾಗೆಂದು ಮನೆಮಂದಿಯೆಲ್ಲ ಆಕಾಶವಾಣಿಯ ವಾರ್ತೆಯಂತೆ ಮಾತಾಡಬೇಕಾಗಿಲ್ಲ. ಅದನ್ನೇ ನಿಧಾನವಾಗಿ ಎರಡು ಸಲ ಹೇಳಿದರಾಯಿತು.

ಈ ವಿಷಯದಲ್ಲಿ ಇಂಗ್ಲಿಷ್ ಬಾರದ ಅಜ್ಜಿಯೇ ಒಳ್ಳೆಯ ಮಾಸ್ತರಳು. ಹಿಟ್ಟು ನಾದುತ್ತ, ಹಂಚು ಕಾಯಿಸುತ್ತ ಒಂದೊಂದಕ್ಕೂ ಹೆಸರು ಹೇಳುತ್ತಾಳೆ. 'ಬಡಿ' ಎಂದರೆ ಹೊಡೆ ಎಂದು ಓದಿದವಳಿಗೆ ರೊಟ್ಟಿಯನ್ನೂ ಬಡಿಯುತ್ತಾರೆಂದು ಅಡಿಗೆಮನೆಯಲ್ಲೇ ತಿಳಿಯಬೇಕು. 'ಸಾಕು' ಎಂಬ ಮಾತನ್ನೂ ಆಕೆ ಬೇಗ ಕಲಿಯುತ್ತಾಳೆ. ಬಡಿಸುವವರು ಅದಕ್ಕೆ ಬೆಲೆ ಕೊಟ್ಟರೆ ಹೊಟ್ಟೆ ಕೆಡದು.

ಅಂದ ಹಾಗೆ, ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಮನೆಯವರು ಆನ್‌ಲೈನ್‌ನಲ್ಲಿ ಸರಕಾರಕ್ಕೆ ವಿವರ ಸಲ್ಲಿಸಬೇಕು. ಅದನ್ನು ಮಗ ಮಾಡಲಿ. ಇಂಗ್ಲಿಷಿಗೆ ರಾತ್ರಿ ಅರ್ಧ ತಾಸು ಸಾಕು, ಅದೂ ಅವಳು ಒಪ್ಪಿದರೆ.

ಊರಿಗೆ ಹೊರಟವಳು "ಹೋಗ್ತೀನಿ" ಎಂದರೆ ಅಜ್ಜಿ ಬಾಗಿಲಲ್ಲೇ ತಡೆಯುತ್ತಾಳೆ: "ಹಂಗ ಅನಬಾರ್ದವಾ, ಹೋಗಿ ಬರ್ತೀನಿ ಅನ್ನು."