ಮಳೆಗೆ ಮಾಯವಾಗುವ ದೂರದರ್ಶನ

“ಅಂಟೆನಾದ ಕಾಲ ಮುಗಿಯಿತಲ್ಲ ಸರ್, ಇನ್ನೂ ಏಕೆ ಆ ಹಂಬಲ?” ಎಂದು ಹಳೆಯ ಶಿಷ್ಯನೊಬ್ಬ ನಕ್ಕ. ಹಂಬಲವಲ್ಲಪ್ಪ, ತಕರಾರು.

ಅಂಟೆನಾದ ಚಿತ್ರ ಮಸುಕಾಗುತ್ತಿತ್ತು, ನಿಜ. ಬಿದಿರ ಗಳವನ್ನು ತಿರುಗಿಸಲು ಒಬ್ಬರು ಮಾಡು ಹತ್ತಬೇಕಿತ್ತು. ಆದರೆ ಮಳೆ ಬಂತೆಂದು ಅದು ಕೈಬಿಟ್ಟದ್ದಿಲ್ಲ. ಉಪಗ್ರಹದಿಂದ ಡಿಶ್ಶಿಗೆ ಇಳಿಯುವ ಸೂಕ್ಷ್ಮ ತರಂಗಗಳನ್ನಾದರೋ ದಟ್ಟ ಮಳೆ ಹೀರಿಬಿಡುತ್ತದೆ. ಜಾಲ್ಸೂರಿನ ಮಳೆಯನ್ನು ನಿಮಗೆ ವರ್ಣಿಸಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದಾಗ, ನಮ್ಮದೇ ಹೆದ್ದಾರಿಯ ಸುದ್ದಿಗಾಗಿ ಕುಳಿತರೆ, ವಿದ್ಯುತ್ತು ಇದ್ದಷ್ಟು ಹೊತ್ತೂ ಪರದೆಯಲ್ಲಿ ಕಂಡದ್ದು ‘ಸಿಗ್ನಲ್ ಇಲ್ಲ’ ಎಂಬ ಎರಡೇ ಪದ.

ದೂರದರ್ಶನವು 2016ರಲ್ಲಿ ಬೆಂಗಳೂರೂ ಸೇರಿದಂತೆ 16 ನಗರಗಳಿಗೆ ಅಂಟೆನಾದಲ್ಲೇ ಡಿಜಿಟಲ್ ಪ್ರಸಾರವನ್ನು ಒದಗಿಸಿತು. ಸಣ್ಣ ಊರುಗಳ ಹಳೆಯ ಮರುಪ್ರಸಾರ ಕೇಂದ್ರಗಳನ್ನಾದರೋ ಮುಚ್ಚುತ್ತ ಬಂದಿತು. ಬೀದಿಬೀದಿಗೂ ಕೇಬಲ್ ಇರುವಲ್ಲಿಗೆ ಹೊಸ ಅಂಟೆನಾ. ತೋಟಗಳ ನಡುವೆ ಒಂಟಿ ಮನೆಗಳಿರುವ ನಮಗೆ “ಡಿಶ್ ಹಾಕಿಸಿಕೊಳ್ಳಿ” ಎಂಬ ಉಪದೇಶ! ಇದು ಯಾವ ನ್ಯಾಯ?

ಉಚಿತ ಡಿಶ್ ಇದೆಯಲ್ಲ ಎನ್ನುವಿರಿ. ತಿಂಗಳ ಶುಲ್ಕವಿಲ್ಲ, ಒಪ್ಪಿದೆ. ಆದರೆ ಅದಕ್ಕೆ ಆಗ್ನೇಯದ ಆಕಾಶ ತೆರೆದಿರಬೇಕು. ನಮ್ಮ ಮನೆಯ ಆಗ್ನೇಯಕ್ಕೆ ಅಡಿಕೆ ತೋಟವಿದೆ; ಫಲ ಕೊಡುವ ಮರಗಳನ್ನು ಕಡಿಸಿ ವಾರ್ತೆ ನೋಡಲು ನಾನಂತೂ ಸಿದ್ಧನಿಲ್ಲ.