ಕೆಲಸ ಕೊಡುವವನು ಹಣ ಕೇಳುವುದಿಲ್ಲ

ಮನೆಯಲ್ಲೇ ಕುಳಿತು ದುಡಿಯುವುದು ನಮ್ಮ ಮಹಿಳೆಯರಿಗೆ ಹೊಸತಲ್ಲ. ಮಂಗಳೂರು ಪರಿಸರದ ಅನೇಕ ಕುಟುಂಬಗಳನ್ನು ಸಲಹಿದ್ದು ಬೀಡಿ ಕಟ್ಟಿದ ಕೈಗಳು. ಕೂಲಿ ಕಡಿಮೆಯೆಂಬ ದೂರು ಅಲ್ಲಿತ್ತು. ಆದರೆ ಎಲೆ, ಹೊಗೆಸೊಪ್ಪನ್ನು ಕೊಡುತ್ತಿದ್ದುದು ಗುತ್ತಿಗೆದಾರನೇ.

ಟೆಲಿಗ್ರಾಮ್, ವಾಟ್ಸ್ಯಾಪ್‌ಗಳಲ್ಲಿ ಬರುವ 'ಉದ್ಯೋಗ'ದ ಲೆಕ್ಕ ಬೇರೆ. ಹೋಟೆಲ್‌ಗಳಿಗೆ ರೇಟಿಂಗ್ ಕೊಡಿ ಎನ್ನುತ್ತಾರೆ. ವಿಶ್ವಾಸ ಮೂಡಿಸಲು ಒಂದಿಷ್ಟು ಹಣ ಜಮೆ ಮಾಡುತ್ತಾರೆ. ಬಳಿಕ 'ಟಾಸ್ಕ್' ಹೆಸರಲ್ಲಿ ಸಾವಿರ, ಲಕ್ಷ ದೋಚಿ ಮಾಯವಾಗುತ್ತಾರೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರವು ಇಂತಹ 100ಕ್ಕೂ ಅಧಿಕ ವೆಬ್‌ಸೈಟ್‌ಗಳನ್ನು ನಿರ್ಬಂಧಿಸಿತು. ಆದರೂ ಜಾಲ ಹರಿದಿಲ್ಲ.

ಇನ್ನೂ ಕಳವಳಕಾರಿಯಾದುದು, ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಪರರ ಕೈಗಿಡುವ ಯುವಕರ ನಡೆ. ಕದ್ದ ಹಣ ಹಾದುಹೋಗುವುದು ಅಂತಹ ಖಾತೆಗಳ ಮೂಲಕವೇ. ಅದು ಹಲಾಲ್ ಸಂಪಾದನೆಯಲ್ಲ, ಅಪರಾಧ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದೂ ಆ ಖಾತೆದಾರನನ್ನೇ.

ಒಡವೆ ಅಡವಿಟ್ಟು ಮೋಸಹೋದ ಸಹೋದರಿ ಮಾನಕ್ಕಂಜಿ ಮೌನವಾದರೆ ಗೆಲ್ಲುವವನು ವಂಚಕ. ತಕ್ಷಣ 1930ಕ್ಕೆ ಕರೆ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶವಿದೆ. ಸಂದೇಶ, ಪಾವತಿಯ ವಿವರಗಳನ್ನು ಅಳಿಸದೆ ನಗರದ ಸೆನ್ ಪೊಲೀಸ್ ಠಾಣೆಗೆ ದೂರು ನೀಡಬೇಕು. ಮನೆಯವರು ಆಕೆಯನ್ನು ಹಂಗಿಸದೆ ಜೊತೆಗೆ ನಿಲ್ಲಬೇಕು. ಜುಮಾ ಖುತ್ಬಾಗಳಲ್ಲಿ, ಜಮಾಅತ್ ಸಭೆಗಳಲ್ಲಿ ಈ ಎಚ್ಚರಿಕೆ ಮೊಳಗಲಿ. ಕಷ್ಟದ ದುಡಿಮೆಯನ್ನು ಕಾಯುವುದೂ ನಮ್ಮ ಹೊಣೆಯೇ.