ಅಚಲವೆಂಬ ಹೆಸರು

ಪರ್ವತಕ್ಕೆ ‘ಅಚಲ’ವೆಂಬ ಹೆಸರನ್ನು ಕನ್ನಡವೂ ಮರಾಠಿಯೂ ಸಂಸ್ಕೃತದಿಂದ ಪಡೆದಿವೆ. ಹಿಮಾಚಲ, ವಿಂಧ್ಯಾಚಲ ಎನ್ನುವಾಗಲೆಲ್ಲ ನಾಲಗೆ ಒಂದು ನಂಬಿಕೆಯನ್ನೇ ಉಚ್ಚರಿಸುತ್ತದೆ. ಕಾವ್ಯಕ್ಕೆ ಸಲ್ಲುವ ಈ ನಂಬಿಕೆ ಭೂಮಿಗೆ ಸಲ್ಲದು.

ಹಿಮಾಲಯದ ರಾಶಿಯು ತೂಗುಗುಂಡನ್ನು ಸೆಳೆಯಬೇಕಾದಷ್ಟು ಸೆಳೆಯುತ್ತಿಲ್ಲವೆಂದು 1855ರಲ್ಲಿ ಪ್ರಾಟ್ ಲೆಕ್ಕ ಹಾಕಿ ತೋರಿಸಿದನು. ಪರ್ವತದ ಅಡಿಯಲ್ಲಿ ಹಗುರವಾದ ಶಿಲೆಯ ಬೇರಿರಬೇಕೆಂದು ಅದೇ ವರ್ಷ ಏರಿ ಊಹಿಸಿದನು. ಆ ಬೇರಿನ ಆಳವನ್ನು ಮುಂದೆ ತಿಳಿಸಿದವು ಭೂಕಂಪದ ತರಂಗಗಳು. ಎಲ್ಲೋ ನೆಲ ನಡುಗಿದಾಗ ಹೊರಟ ತರಂಗಗಳು ಭೂಗರ್ಭವನ್ನು ಹಾದು ದೂರದ ಮಾಪನ ಕೇಂದ್ರಗಳನ್ನು ಮುಟ್ಟುತ್ತವೆ. ತಣ್ಣಗಿನ ಗಟ್ಟಿ ಶಿಲೆಯಲ್ಲಿ ಅವುಗಳ ವೇಗ ಹೆಚ್ಚು, ಕಾದ ಶಿಲೆಯಲ್ಲಿ ಕಡಿಮೆ. ತಲುಪುವ ವೇಳೆಯಲ್ಲಿನ ಅಂತರಗಳನ್ನು ಕೂಡಿಸಿದರೆ ಕಾಣದ ಆಳದ ಚಿತ್ರ ಮೂಡುತ್ತದೆ. ಟಿಬೆಟಿನ ಭೂಕವಚ ಸುಮಾರು 70 ಕಿಲೋಮೀಟರ್ ದಪ್ಪ, ಅಂದರೆ ಬೇರೆಡೆಯ ನೆಲದ ಸುಮಾರು ಎರಡರಷ್ಟು. ಅದರ ಕೆಳಗಿನ ಮೇಲ್‌ಮ್ಯಾಂಟಲ್‌ನಲ್ಲಿ ಭಾರತದ ತಣ್ಣನೆಯ ಫಲಕ ದಕ್ಷಿಣ ಟಿಬೆಟಿನ ಅಡಿಗೆ ನುಸುಳಿದೆ. ಉತ್ತರ ಟಿಬೆಟಿನ ಅಡಿಯ ಶಿಲೆ ಹೆಚ್ಚು ಬಿಸಿಯಾಗಿದೆ. ಅಚಲವೆನಿಸಿದ ನೆಲ ವರ್ಷಕ್ಕೆ ಸುಮಾರು 4ರಿಂದ 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಲೇ ಇದೆ.

ಇಷ್ಟು ಆಳದ ಶೋಧದಿಂದ ಜನಸಾಮಾನ್ಯರಿಗೇನು ಲಾಭವೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಈ ವಿದ್ಯೆ ಭೂಕಂಪದ ದಿನವನ್ನು ಹೇಳಲಾರದು. ಆದರೆ ಒತ್ತಡ ಎಲ್ಲಿಂದ ಬರುತ್ತಿದೆ, ಎಲ್ಲಿ ಕೂಡುತ್ತಿದೆ ಎಂಬುದನ್ನು ತಿಳಿಸುತ್ತದೆ. ಸುಳ್ಳು ಭರವಸೆಯನ್ನು ಮುರಿಯುತ್ತದೆ. ಆ ಭರವಸೆಯ ಬೆಲೆ ಸೊಲ್ಲಾಪುರ, ಅಕ್ಕಲಕೋಟೆಯ ಸೀಮೆಗೆ ಗೊತ್ತು. ದಖ್ಖನ್ನಿನ ನೆಲ ಗಟ್ಟಿಯೆಂದು ನಂಬಿದ್ದ ಕಾಲದಲ್ಲಿ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನೆರೆಯ ಕಿಲ್ಲಾರಿಯ ಪ್ರದೇಶ ನಡುಗಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದು ಸಾವಿರಾರು ಜನ ಮಡಿದರು. ಬಿಸಿಲಿನಿಂದ ಕಾಪಾಡಿದ ಗೋಡೆಯೇ ಪ್ರಾಣ ತೆಗೆಯಿತು.

ಆದ್ದರಿಂದ ನೆಲ ಸುಮ್ಮನಿರುವ ವರ್ಷಗಳಲ್ಲಿಯೇ ಅದರ ಮಾತಿಗೆ ಕಿವಿಗೊಡಬೇಕು. ಹಿಮಾಲಯದಲ್ಲಿಯಷ್ಟೇ ಅಲ್ಲ, ಶಾಂತವೆನಿಸಿದ ಪ್ರಸ್ಥಭೂಮಿಯಲ್ಲಿಯೂ ಮಾಪನ ಕೇಂದ್ರಗಳು ನಿರಂತರ ನಡೆಯಬೇಕು. ಅವು ಕೇಳಿದ್ದು ಜನರ ನುಡಿಗೆ ಇಳಿಯುವುದೂ ಅಷ್ಟೇ ಅಗತ್ಯ. ಗಡಿಯ ವಿದ್ಯಾರ್ಥಿಗೆ ಇಲ್ಲಿ ಒಂದು ಅನುಕೂಲವುಂಟು: ‘ಭೂಕವಚ’ ಎರಡು ಭಾಷೆಗಳಿಗೂ ಸಮಾನ, ಕನ್ನಡದ ‘ಮ್ಯಾಂಟಲ್’ ಮರಾಠಿಯಲ್ಲಿ ‘ಪ್ರಾವರಣ’. ಎರಡನ್ನೂ ಬಲ್ಲವನು ಎರಡು ಕೇರಿಗಳಿಗೂ ವಿಷಯ ತಿಳಿಸಬಲ್ಲನು. ‘ಅಚಲ’ ಪದದ ವ್ಯುತ್ಪತ್ತಿಯನ್ನು ಕಲಿಸುವ ಭಾಷಾ ತರಗತಿ, ಅದು ಚಲಿಸುತ್ತದೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.